ನಕ್ಕರೆ ಬೀಳುತ್ತಿದ್ದ ಹುಡುಗಿ

ಹಾಸಿಗೆ ಹೊಲಿಯುವವನ ಮಗಳಿಗೆ ಗಿಲಕಿ ಎಂದು ಹೆಸರು ಬಿದ್ದದ್ದು ಅವಳ ನಗುವಿನಿಂದ. ತೊಟ್ಟಿಲಲ್ಲಿದ್ದಾಗಲೇ ಬಾಗಿಲು ಕಿರುಗುಟ್ಟಿದರೂ ಸಾಕು, ಗಲಗಲ ನಕ್ಕು ಕೈಕಾಲು ಬಡಿಯುತ್ತಿದ್ದಳು. ಶಾಲೆಯಲ್ಲಿ ಬರೆಸಿದ ಹೆಸರು ಬೇರೆ ಇತ್ತು. ಅದು ಮನೆಯಲ್ಲಿ ಯಾರ ನಾಲಿಗೆಗೂ ಹತ್ತಲಿಲ್ಲ.

ಅವಳನ್ನು ನಗಿಸುವ ಕೆಲಸ ಅಪ್ಪನದು. ಅವನ ಅಂಗಡಿ ಕೆಳಗೆ, ಮನೆ ಮೇಲೆ, ನಡುವೆ ಕಡಿದಾದ ಮರದ ಮೆಟ್ಟಿಲು. ದಿನವಿಡೀ ಹತ್ತಿ ಹಿಂಜಿ, ದಬ್ಬಳ ಹಿಡಿದು ಹಾಸಿಗೆ ಹೊಲಿದು, ಸಂಜೆ ತಲೆ ಮೀಸೆಯೆಲ್ಲ ಬೆಳ್ಳಗೆ ಮಾಡಿಕೊಂಡು ಮೆಟ್ಟಿಲು ಹತ್ತಿ ಬರುವಾಗ ಅವತ್ತಿನ ಗಿರಾಕಿಗಳನ್ನೆಲ್ಲ ಜೊತೆಗೇ ಕರೆತರುತ್ತಿದ್ದ. ಅವರ ನಡಿಗೆ, ಅವರ ಗೊಣಗಾಟ, ಹಾಸಿಗೆಯನ್ನು ಬೆರಳಲ್ಲಿ ಒತ್ತಿ ನೋಡುವ ಅವರ ಗತ್ತು, ಯಾವುದೂ ಅವನ ಕಣ್ಣು ತಪ್ಪುತ್ತಿರಲಿಲ್ಲ. "ಇದರ ಮೇಲೆ ಮಲಗಿದ್ರೆ ನಿದ್ದೆ ಬರುತ್ತೇನಯ್ಯಾ?" ಎಂದು ಒಬ್ಬನಂತೆ ಮೂಗಿನಲ್ಲಿ ಕೇಳಿ, "ಹಾಸಿಗೆ ನಾನು ಕೊಡ್ತೀನಿ ಸ್ವಾಮಿ, ನಿದ್ದೆ ನೀವೇ ತರಬೇಕು" ಎಂದು ತನ್ನ ದನಿಯಲ್ಲಿ ಉತ್ತರ ಹೇಳುತ್ತಿದ್ದ.

ಗಿಲಕಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಛತ್ರಿ ಹೆಂಗಸಿನ ಪ್ರಸಂಗ. ಒಬ್ಬ ದಪ್ಪ ಗಿರಾಕಿ ಹಾಸಿಗೆ ಪರೀಕ್ಷೆ ಮಾಡುತ್ತೇನೆಂದು ಮಲಗಿದವನು ಅಲ್ಲೇ ಗೊರಕೆ ಹೊಡೆದಿದ್ದ. ಅವನ ಹೆಂಡತಿ ಬಂದು ಛತ್ರಿಯ ತುದಿಯಿಂದ ಅವನ ಹೊಟ್ಟೆಗೆ ತಿವಿದು, "ಎದ್ದೇಳ್ರೀ, ಇದು ನಮ್ಮನೆ ಅಲ್ಲ" ಎಂದಿದ್ದಳು. ಅವನು ಕಣ್ಣು ಬಿಡದೆಯೇ, "ಅದಕ್ಕೇ ಕಣೆ ನಿದ್ದೆ ಬಂದಿದ್ದು" ಎಂದಿದ್ದ. ಅಪ್ಪ ಗಂಡನೂ ಆಗಿ, ಹೆಂಡತಿಯೂ ಆಗಿ, ಕಡೆಗೆ ಛತ್ರಿಯೂ ಆಗುತ್ತಿದ್ದ.

ಗಿಲಕಿಗೆ ಏಳು ತುಂಬಿದ ವರ್ಷ, ಒಂದು ಸಂಜೆ, ಈ ಪ್ರಸಂಗ ನೋಡಿ ನಗುತ್ತಿದ್ದವಳ ತಲೆ ಇದ್ದಕ್ಕಿದ್ದಂತೆ ಎದೆಯ ಮೇಲೆ ವಾಲಿತು. ಮೊಣಕಾಲು ಮಡಚಿಕೊಂಡಿತು. ಹೊಲಿಗೆ ಬಿಚ್ಚಿದ ದಿಂಬಿನ ಹಾಗೆ ಹುಡುಗಿ ನೆಲಕ್ಕೆ ಕುಸಿದಳು. ಕಣ್ಣು ಬಿಟ್ಟೇ ಇತ್ತು. ಅರೆಗಳಿಗೆಯಲ್ಲಿ ಎದ್ದು ಕೂತು, "ಇನ್ನೊಂದ್ಸಲ ಮಾಡಪ್ಪಾ" ಎಂದಳು.

"ಅಪ್ಪನ ಮಗಳೇ ಸರಿ. ನಾಟಕ ನೋಡು ಇವಳದು" ಎಂದಳು ಅಮ್ಮ.

ಅಪ್ಪನಿಗೆ ಹೆಮ್ಮೆಯಾಯಿತು. ನಗಿಸಿ ನಗಿಸಿ ನೆಲಕ್ಕೆ ಕೆಡವುವಷ್ಟು ಚೆನ್ನಾಗಿ ತಾನು ಆಡುತ್ತೇನೆ ಎಂದುಕೊಂಡ. ನೆಂಟರು ಬಂದಾಗ, "ನೋಡ್ತಾ ಇರಿ, ಈಗ ಕೆಡವ್ತೀನಿ" ಎಂದು ಹೇಳಿಯೇ ಆಡಿ ತೋರಿಸಿದ. ಹುಡುಗಿ ಬಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದೆ ಎಷ್ಟೋ ವರ್ಷ ಆ ಚಪ್ಪಾಳೆ ನೆನಪಾದಾಗಲೆಲ್ಲ ಅವನು ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ಹೋಗುತ್ತಿದ್ದ.

ಶಾಲೆಯ ಅಂಗಳದಲ್ಲಿ ಯಾರೋ ಏನೋ ಅಂದದ್ದಕ್ಕೆ ನಕ್ಕು ಬಿದ್ದು ಗಿಲಕಿಯ ಗದ್ದ ಒಡೆಯಿತು. ಆಮೇಲೆ ತುಟಿ, ಆಮೇಲೆ ಹಣೆ. ಅಷ್ಟರಲ್ಲಿ ಅಮ್ಮ ಇನ್ನೊಂದು ಗಮನಿಸಿದಳು. ಅವಳು ಕೆಲಸ ಮಾಡುತ್ತಿದ್ದುದು ಕನ್ನಡಕದ ಅಂಗಡಿಯಲ್ಲಿ. ಗಾಜಿನ ಅಂಚು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ದಿನಕ್ಕೆ ಹತ್ತಾರು ಜನರ ಕಣ್ಣು ನೋಡುವವಳು. ಮಗಳು ತಟ್ಟೆ ನೋಡಬೇಕಾದರೂ, ಮೆಟ್ಟಿಲು ನೋಡಬೇಕಾದರೂ ಕಣ್ಣಿನ ಗೊಂಬೆ ಕೆಳಗಿಳಿಯದೆ ಇಡೀ ತಲೆಯೇ ಬಗ್ಗುತ್ತದೆ ಎಂದು ಅವಳಿಗೆ ಹೊಳೆಯಿತು. ದೃಷ್ಟಿ ಪರೀಕ್ಷೆ ಮಾಡಿಸಿದಳು. "ನಂಬರ್ರೇ ಇಲ್ವಲ್ಲಮ್ಮಾ" ಎಂದರು ಅಂಗಡಿಯವರು. ಆದರೂ ಮನಸ್ಸು ತಡೆಯದೆ ತಾನೇ ಒಂದು ಕೆಂಪು ಚೌಕಟ್ಟು ಆರಿಸಿ, ಸಣ್ಣ ನಂಬರಿನ ಗಾಜು ಕೂರಿಸಿ ಹಾಕಿದಳು. ಗಿಲಕಿ ಕನ್ನಡಕ ಹಾಕಿಕೊಂಡೇ ಮೆಟ್ಟಿಲಿನಿಂದ ಉರುಳಿದಳು.

ಬರವಣಿಗೆ ಗೀಚು ಗೀಚಾಯಿತು. ಮಾತು ತೊದಲಿತು. ಟೀಚರು ಸೋಮಾರಿತನ ಎಂದರು. ಒಬ್ಬ ಡಾಕ್ಟರು ಮೂರ್ಛೆ ರೋಗ ಎಂದರು, ಇನ್ನೊಬ್ಬರು ಮುದ್ದು ಹೆಚ್ಚಾಯಿತು ಎಂದರು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ನರಗಳ ವಿಭಾಗದ ವಯಸ್ಸಾದ ಡಾಕ್ಟರೊಬ್ಬರು ಹುಡುಗಿಯ ಹೊಟ್ಟೆ ಒತ್ತಿ ನೋಡಿದರು. ಪೆನ್ನನ್ನು ಅವಳ ಮುಖದ ಮುಂದೆ ಮೇಲಿಂದ ಕೆಳಕ್ಕೆ ಇಳಿಸಿ ಕಣ್ಣು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

"ನಗುವಾಗ ಬೀಳ್ತಾಳಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ತಾವು ಹೇಳದೆಯೇ ಇವರಿಗೆ ಹೇಗೆ ತಿಳಿಯಿತು ಎಂದು ಅಪ್ಪನಿಗೆ ಮೊದಲು ಸಂತೋಷವೇ ಆಯಿತು. ಗೊತ್ತಿರುವವರು ಸಿಕ್ಕರು, ಇನ್ನು ಗುಣವಾಗುತ್ತದೆ ಎಂದುಕೊಂಡ.

ತೋಳಿನಿಂದ ಚರ್ಮದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಹುಡುಗಿಯನ್ನು ಹೊರಗೆ ನರ್ಸಿನ ಹತ್ತಿರ ಕೂರಿಸಿ ಇಬ್ಬರನ್ನೇ ಒಳಗೆ ಕರೆದರು.

"ಅವಳ ಜೀವಕೋಶಗಳ ಒಳಗೆ ಕೊಲೆಸ್ಟ್ರಾಲ್ ತುಂಬಿಕೊಂಡಿದೆ" ಎಂದರು ಡಾಕ್ಟರು.

"ಕೊಲೆಸ್ಟ್ರಾಲಾ?" ಅಪ್ಪನಿಗೆ ಅರ್ಥವಾಗಲಿಲ್ಲ. "ಅದು ನಮ್ಮಂಥ ವಯಸ್ಸಾದೋರಿಗಲ್ವಾ ಡಾಕ್ಟ್ರೇ? ಅವಳು ಎಣ್ಣೆ ತಿಂಡಿ ಮುಟ್ಟೋದೇ ಇಲ್ಲ."

"ತಿನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕೊಲೆಸ್ಟ್ರಾಲ್ ಅಂದ್ರೆ ಕೆಟ್ಟದ್ದು ಅಂತ ನಾವೆಲ್ಲ ಹೆದರ್ತೀವಿ. ಆದ್ರೆ ಅದಿಲ್ದೆ ಒಂದು ಜೀವಕೋಶಾನೂ ನಿಲ್ಲಲ್ಲ. ರಕ್ತದಿಂದ ಅದು ಕೋಶದ ಒಳಗೆ ಬರುತ್ತೆ, ಒಳಗೊಂದು ಪುಟ್ಟ ಚೀಲ ಇರುತ್ತೆ, ಅದರಲ್ಲಿ ಇಳಿಯುತ್ತೆ. ಆ ಚೀಲದಿಂದ ಎತ್ತಿ ಬೇಕಾದ ಕಡೆ ಸಾಗಿಸೋಕೆ ಒಂದು ಪ್ರೋಟೀನ್ ಇದೆ. ನಿಮ್ಮ ಮಗಳಲ್ಲಿ ಅದು ಹುಟ್ಟಿನಿಂದಲೇ ಕೆಟ್ಟಿದೆ. ಬಂದದ್ದು ಬಂದಲ್ಲೇ ಉಳೀತಿದೆ. ಲಿವರಿನಲ್ಲಿ, ಗುಲ್ಮದಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಮಿದುಳಿನಲ್ಲಿ ತೊಂದರೆ ಕೊಡ್ತಿದೆ."

"ತೆಗೆಯೋಕಾಗಲ್ವಾ?" ಅಮ್ಮ ಕೇಳಿದಳು.

"ಆಗಲ್ಲಮ್ಮ. ಸ್ವಲ್ಪ ನಿಧಾನ ಮಾಡೋ ಮಾತ್ರೆ ಇದೆ. ಅಷ್ಟೇ."

ತಂದೆ ತಾಯಿ ಇಬ್ಬರಿಂದಲೂ ಆ ಪ್ರೋಟೀನಿನ ಜೀನಿನ ಒಂದೊಂದು ಕೆಟ್ಟ ಪ್ರತಿ ಬಂದರಷ್ಟೇ ಈ ಕಾಯಿಲೆ ಬರುತ್ತದೆ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಮುಂದೆ ನಡಿಗೆ ಹೋಗುತ್ತದೆ, ಮಾತು ಹೋಗುತ್ತದೆ, ನುಂಗುವುದು ಕಷ್ಟವಾಗುತ್ತದೆ ಎಂದೂ ಹೇಳಿದರು. ಅಪ್ಪ ಎಲ್ಲ ಕೇಳಿಸಿಕೊಂಡು ಕಡೆಗೆ ಕೇಳಿದ್ದು ಒಂದೇ: "ನಗಿಸಬಾರದಾ ಹಾಗಾದ್ರೆ?"

"ಬಿದ್ದು ಪೆಟ್ಟು ಮಾಡಿಕೊಳ್ಳದ ಹಾಗೆ ನೋಡ್ಕೊಳ್ಳಿ" ಎಂದರು ಡಾಕ್ಟರು. ಅವನು ಅದನ್ನು ನಗಿಸಬಾರದು ಎಂದೇ ತಿಳಿದುಕೊಂಡ.

ಅವತ್ತಿನಿಂದ ಆ ಮನೆಯಲ್ಲಿ ನಗು ನಿಂತಿತು. ಅಪ್ಪ ಮೈ ಕೊಡವಿಕೊಂಡು ಮೇಲೆ ಬರುವ ಹೊತ್ತಿಗೆ ಗಿರಾಕಿಗಳನ್ನೆಲ್ಲ ಕೆಳಗೇ ಬಿಟ್ಟು ಬರುತ್ತಿದ್ದ. ತಟ್ಟೆ ನೋಡಿಕೊಂಡು ಊಟ ಮಾಡುತ್ತಿದ್ದ. ಗಿಲಕಿ ಅವನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು. ಅವನ ತುಟಿ ಕೊಂಚ ಕೊಂಕಿದರೂ ಅವಳ ಮುಖ ಅರಳುತ್ತಿತ್ತು. ತಕ್ಷಣ ಅವನು ಎದ್ದು ನೀರು ಕುಡಿಯುವ ನೆಪ ಮಾಡುತ್ತಿದ್ದ. ಅಂಗಡಿಯಲ್ಲೂ ಮಾತು ಕಡಿಮೆಯಾಯಿತು. ಪರಿಚಯದ ಗಿರಾಕಿಗಳು, "ಏನಯ್ಯಾ, ಬಾಯಿಗೂ ಹೊಲಿಗೆ ಹಾಕ್ಕೊಂಡ್ಯಾ?" ಎಂದರೆ ಹೂಂ ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಗಿಲಕಿ ಕುಂಡೆಯ ಮೇಲೆ ಒಂದೊಂದೇ ಮೆಟ್ಟಿಲು ಜಾರಿಕೊಂಡು ಅಂಗಡಿಗಿಳಿದು ಬಂದಳು. ಅವನು ಹಾಸಿಗೆಯ ಮೂಲೆ ಹೊಲಿಯುತ್ತಿದ್ದ.

"ಅಪ್ಪಾ... ನನ್ ಮೇಲೆ... ಕೋಪಾನಾ?" ಎಂದಳು. ಆಗಲೇ ಮಾತು ಎಳೆದೆಳೆದು ಬರುತ್ತಿತ್ತು.

"ಇಲ್ಲ ಕಂದಾ. ಯಾಕೆ?"

"ಬಿದ್ದೆ ಅಂತ. ಇನ್ಮೇಲೆ... ಬೀಳಲ್ಲ. ಗಟ್ಟಿಯಾಗಿ... ಹಿಡ್ಕೊಂಡು... ನಗ್ತೀನಿ."

ದಬ್ಬಳ ಅವನ ಬೆರಳಿಗೆ ಆಳವಾಗಿ ಚುಚ್ಚಿತು. ಅವನು ರಕ್ತ ಒರೆಸಿಕೊಳ್ಳಲಿಲ್ಲ. ಮಗಳನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಹೋದ. ಅಲ್ಲಿ ಹಿಂಜಿದ ಹತ್ತಿ ಸೊಂಟದವರೆಗೆ ಬಿದ್ದಿತ್ತು. ಅವಳನ್ನು ಅದರ ನಡುವೆ ಕೂರಿಸಿ, ಎದುರಿಗೆ ನಿಂತು, ಮೊದಲಿನಿಂದ ಕೊನೆಯವರೆಗೆ ಛತ್ರಿ ಹೆಂಗಸನ್ನು ಆಡಿದ. ಗಿಲಕಿ ನಕ್ಕಳು. ಕುಸಿದಳು. ಹತ್ತಿಯಲ್ಲಿ ಮುಳುಗಿ ಎದ್ದು ಮತ್ತೆ ನಕ್ಕಳು.

ಹೆಂಡತಿ ಕೆಲಸದಿಂದ ಬಂದವಳು ಇಬ್ಬರನ್ನೂ ಬೆಳ್ಳಗೆ ಕಂಡು ಕೂಗಾಡಿದಳು. "ಆ ದೂಳು ಅವಳ ಎದೆಗೆ ಹೋದ್ರೆ ಏನ್ರೀ ಗತಿ?" ಅವಳು ಹೇಳಿದ್ದೂ ನಿಜ. ಆ ವಾರ ಅವನು ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಮನೆಯ ಮುಂದಿನ ಕೋಣೆಗೆ ಗೋಡೆಯಿಂದ ಗೋಡೆಗೆ ತಾಗುವ ಒಂದು ಹಾಸಿಗೆ ಹೊಲಿದ. ಗೋಡೆಗಳಿಗೂ ಆಳೆತ್ತರ ಮೆತ್ತೆ ಹೊಡೆದ. ಕುರ್ಚಿ ಮೇಜು ಹೊರಗೆ ಹೋದವು. ಅಲ್ಲಿಂದ ಮುಂದೆ ದಿನವೂ ಸಂಜೆ ಮೂವರೂ ಅಲ್ಲೇ. ಅಮ್ಮನೂ ಕನ್ನಡಕದ ಅಂಗಡಿಯ ಗಿರಾಕಿಗಳನ್ನು ಕರೆತರಲು ಶುರುಮಾಡಿದಳು. ಕನ್ನಡಕವನ್ನು ತಲೆಯ ಮೇಲೇ ಇಟ್ಟುಕೊಂಡು ಅಂಗಡಿಯೆಲ್ಲ ಹುಡುಕಿದ ಮುದುಕನನ್ನು ಅವಳು ಆಡಿದಾಗ ಅಪ್ಪನೂ ಬೇಕೆಂದೇ ಕುಸಿದು ಬಿದ್ದ.

ಹೀಗೆ ನಾಲ್ಕೈದು ವರ್ಷ ನಡೆಯಿತು. ಕಾಲು ಹೋಯಿತು. ಮಾತು ಒಂದೊಂದಾಗಿ ಉದುರಿತು. ಅಪ್ಪಾ ಅನ್ನುವುದು ಹೋಗಿ, ಅಮ್ಮಾ ಅನ್ನುವುದು ಕೆಲವು ತಿಂಗಳು ಉಳಿದು, ಅದೂ ಹೋಯಿತು. ನುಂಗಲಾಗದೆ ಹೊಟ್ಟೆಗೆ ನಳಿಕೆ ಹಾಕಿದರು. ನಗು ಮಾತ್ರ ಉಳಿದಿತ್ತು. ಸದ್ದಿಲ್ಲದ ನಗು, ಬರೀ ಉಸಿರಿನದು.

ಆಗಲೇ ಒಬ್ಬಳು ಸಂಶೋಧಕಿ ಬಂದದ್ದು. ದೊಡ್ಡಾಸ್ಪತ್ರೆಯ ಹಿಂದಿನ ಪ್ರಯೋಗಾಲಯದವಳು, ಸಣ್ಣ ವಯಸ್ಸು. ಚಪ್ಪಲಿ ಬಿಟ್ಟು ಹಾಸಿಗೆಯ ಮೇಲೆ ಕಾಲಿಡಲು ಹಿಂಜರಿಯುತ್ತಾ ಬಾಗಿಲಲ್ಲೇ ನಿಂತಿದ್ದಳು. ಗಿಲಕಿಯ ತೋಳಿನಿಂದ ತೆಗೆದ ಚರ್ಮದ ಕೋಶಗಳನ್ನು ಆಸ್ಪತ್ರೆಯಲ್ಲಿ ಬೆಳೆಸಿ ಇಟ್ಟಿದ್ದಾರೆ, ಒಂದು ವೈರಸ್ಸಿನ ಅಧ್ಯಯನಕ್ಕೆ ಅವು ಬೇಕು, ನೀವು ಒಪ್ಪಿದರೆ ಮಾತ್ರ ಎಂದಳು.

"ಇವಳಿಗೆ ಅದರಿಂದ ಏನಾದ್ರೂ ಆಗುತ್ತಾ ಮೇಡಂ?" ಅಪ್ಪ ಕೇಳಿದ.

"ಇಲ್ಲ. ಸುಳ್ಳು ಹೇಳಲ್ಲ. ಬೇರೆಯವರಿಗೆ ಮುಂದೆ ಯಾವತ್ತಾದ್ರೂ ಆಗಬಹುದು."

ಅವಳು ಸುಳ್ಳು ಹೇಳಲಿಲ್ಲವಲ್ಲ ಎಂಬ ಒಂದೇ ಕಾರಣಕ್ಕೆ ಅಮ್ಮ ಒಪ್ಪಿದಳು. ಅಪ್ಪನೂ ಆಗಲಿ ಎಂದ.

ಕೆಲವು ತಿಂಗಳ ಮೇಲೆ ಅವಳು ಮತ್ತೆ ಬಂದಳು. ಈ ಸಲ ಹಾಸಿಗೆಯ ಮೇಲೆ ಬಂದು ಗಿಲಕಿಯ ಪಕ್ಕದಲ್ಲೇ ಕೂತಳು. ದೂರದ ನಾಡುಗಳಲ್ಲಿ ಊರಿಗೆ ಊರನ್ನೇ ಮಲಗಿಸುವ, ರಕ್ತ ಸೋರಿಸಿ ಕೊಲ್ಲುವ ಒಂದು ಜ್ವರವಿದೆಯಲ್ಲ, ಆ ವೈರಸ್ಸು ಕೋಶದ ಒಳಗೆ ಹೇಗೆ ಇಳಿಯುತ್ತದೆ ಎಂದು ಹೇಳಿದಳು.

"ಕೋಶ ಅದನ್ನ ನುಂಗಿ, ಕೊಲೆಸ್ಟ್ರಾಲ್ ಇಳಿಯೋ ಅದೇ ಚೀಲಕ್ಕೆ ತಳ್ಳುತ್ತೆ. ಅಲ್ಲಿಂದ ಹೊರಗೆ ನುಗ್ಗಬೇಕಾದ್ರೆ ವೈರಸ್ಸು ಆ ಪ್ರೋಟೀನನ್ನೇ ಹಿಡೀಬೇಕು. ಕೊಲೆಸ್ಟ್ರಾಲ್ ಸಾಗಿಸೋ ಪ್ರೋಟೀನನ್ನೇ. ನಮ್ಮ ನಿಮ್ಮಂಥವರ ಕೋಶಕ್ಕೆ ಹಾಕಿದ್ರೆ ಎಲ್ಲ ಸತ್ತುಹೋಗ್ತವೆ. ಇವಳ ಕೋಶದಲ್ಲಿ ಅದಕ್ಕೆ ಹಿಡಿಯೋಕೆ ಏನೂ ಇಲ್ಲ. ಚೀಲದಲ್ಲೇ ಸಿಕ್ಕಿಬೀಳುತ್ತೆ. ಕೋಶಗಳು ಹಾಗೇ ಆರಾಮಾಗಿವೆ."



"ಅಂದ್ರೆ," ಅಪ್ಪ ಮೆಲ್ಲಗೆ ಕೇಳಿದ, "ಯಾವ ವೈರಸ್ಸೂ ಇವಳಿಗೆ ಏನೂ ಮಾಡಲ್ಲ?"

"ಅಯ್ಯೋ, ಹಾಗಲ್ಲ. ಆ ಒಂದು ಬಗೆಯದು ಮಾತ್ರ. ಬೇರೆಯವಕ್ಕೆ ಬೇರೆ ದಾರಿ ಇರುತ್ತೆ." ಅವಳ ಮುಖ ಸಪ್ಪಗಾಯಿತು. "ನಾನು ಹೇಳಿದ್ದೇ ತಪ್ಪಾಯ್ತೇನೋ."

"ತಪ್ಪೇನಿಲ್ಲ ಮೇಡಂ" ಎಂದಳು ಅಮ್ಮ. ಮಗಳ ತುಟಿಯಂಚು ಒರೆಸಿ, "ಕೇಳಿದ್ಯಾ ಗಿಲಕಿ? ಊರನ್ನೆಲ್ಲ ಮಲಗಿಸೋ ಜ್ವರಕ್ಕೆ ನಿನ್ನ ಹತ್ರ ಆಟ ನಡೆಯಲ್ವಂತೆ" ಎಂದಳು. ಅಪ್ಪನಿಗೆ ಅವತ್ತು ತನ್ನನ್ನು ತಾನೇ ಬಯ್ದುಕೊಳ್ಳುವಷ್ಟು ಖುಷಿಯಾಗಿತ್ತು. ಮಗಳ ಮೈಯ ಬಗ್ಗೆ ಕೆಡುಕಿನ ಸುದ್ದಿ ಬಿಟ್ಟು ಬೇರೇನನ್ನೂ ಅವನು ಕೇಳಿ ಎಷ್ಟೋ ಕಾಲವಾಗಿತ್ತು. ಗಿರಾಕಿಗಳಿಗೆಲ್ಲ ಹೇಳಿಕೊಂಡು ಬಂದ.

ಅದಾದ ಚಳಿಗಾಲದಲ್ಲಿ ಅವನಿಗೆ ನೆಗಡಿಯಾಯಿತು. ಬರೀ ನೆಗಡಿ, ಮೂಗು ಸೋರುವುದು, ಎರಡು ಸೀನು. ಹೆಂಡತಿ ಮೊದಲ ದಿನವೇ, "ಆ ಕೋಣೆಗೆ ಕಾಲಿಡಬೇಡಿ" ಎಂದಿದ್ದಳು. ಅವನು ಅಂಗಡಿಯಲ್ಲೇ ಮಲಗಿದ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ಮಗಳನ್ನು ನೋಡಿ ಹೋಗುತ್ತಿದ್ದ. ಮೂರನೆಯ ಸಂಜೆ ಹೆಂಡತಿ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಹಗಲು ನೋಡಿಕೊಳ್ಳುವ ಹೆಂಗಸು ಅಡುಗೆಮನೆಯಲ್ಲಿದ್ದಳು. ಗಿಲಕಿಯ ಕಣ್ಣು ಬಾಗಿಲ ಕಡೆಗೇ ಇತ್ತು. ಬಟ್ಟೆ ಕಟ್ಟಿದ ಮುಖ ಅವಳಿಗೆ ಗುರುತು ಸಿಗುತ್ತಿಲ್ಲವೇನೋ ಎನಿಸಿತು ಅವನಿಗೆ. ಒಂದೇ ನಿಮಿಷ ಎಂದುಕೊಂಡ. ಹತ್ತಿರ ಹೋಗಿ, ಬಟ್ಟೆ ಕೆಳಗೆಳೆದು, ಛತ್ರಿ ಹಿಡಿದವಳಂತೆ ಸೊಂಟದ ಮೇಲೆ ಕೈಯಿಟ್ಟ. ಅವಳ ಉಸಿರು ಕುಲುಕಿತು. ತಲೆ ದಿಂಬಿನ ಮೇಲೆ ಪಕ್ಕಕ್ಕೆ ಜಾರಿತು. ಅವನು ಕೈಯಿಂದ ತಲೆಯನ್ನು ನೇರ ಮಾಡಿ ಬಂದ.

ಆಮೇಲೆ ಅವಳಿಗೆ ಜ್ವರ ಬಂತು. ಕೆಮ್ಮುವ ಶಕ್ತಿ ಇರಲಿಲ್ಲ. ಕಫ ಎದೆಯಲ್ಲೇ ನಿಂತಿತು. ಆಸ್ಪತ್ರೆಯಲ್ಲಿ, "ಮಾಮೂಲಿ ನೆಗಡಿ ವೈರಸ್ಸು. ಆರೋಗ್ಯವಂತರಿಗೆ ಏನೂ ಆಗಲ್ಲ" ಎಂದ ಡ್ಯೂಟಿ ಡಾಕ್ಟರಿಗೆ ತಾನು ಆ ಅಪ್ಪನ ಎದುರು ಏನು ಹೇಳಿದೆನೆಂದು ತಿಳಿಯಲೂ ಇಲ್ಲ. ಒಂದು ವಾರ ಆಮ್ಲಜನಕ ಹಾಕಿದರು. ಎಂಟನೆಯ ದಿನ ಬೆಳಗ್ಗೆ, ಅಮ್ಮ ಅವಳ ತಲೆ ಬಾಚುತ್ತಿದ್ದಾಗ, ಜಡೆ ಅರ್ಧ ಹೆಣೆದಿರುವಂತೆಯೇ ಗಿಲಕಿಯ ಉಸಿರು ನಿಂತಿತು. ಹದಿಮೂರಕ್ಕೆ ಕಾಲಿಟ್ಟಿದ್ದಳು. ಅಮ್ಮ ಜಡೆ ಪೂರ್ತಿ ಹೆಣೆದೇ ಎದ್ದಳು.

ಅಪ್ಪ ಬಾಯಿ ಬಿಟ್ಟು ಅಳಲಿಲ್ಲ. ಅಳುವ ಹಕ್ಕು ತನಗಿಲ್ಲ ಎಂದು ಅವನ ಒಳಗೆ ಕೂತುಬಿಟ್ಟಿತ್ತು. ಹೆಂಡತಿಗೆ ನೆಗಡಿಯ ವಿಷಯ ಗೊತ್ತಿತ್ತು, ಬಟ್ಟೆ ಕೆಳಗೆಳೆದದ್ದೂ ಅಡುಗೆಮನೆಯಿಂದ ನೋಡಿದ್ದ ಆ ಕೆಲಸದ ಹೆಂಗಸಿನಿಂದ ತಿಳಿದಿತ್ತು. ಅವಳು ಒಂದು ಮಾತೂ ಎತ್ತಲಿಲ್ಲ. ಅವನೂ ಎತ್ತಲಿಲ್ಲ. ಅವಳು ಬಯ್ದಿದ್ದರೆ, ಎರಡು ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಅವನಿಗೆ.

ಬೇಸಿಗೆಯ ಹೊತ್ತಿಗೆ ಸಂಶೋಧಕಿಯ ಫೋನು ಬಂತು. ಗಿಲಕಿಯ ಕೋಶಗಳು ಇಲ್ಲಿ ಬೆಳೆಯುತ್ತಿವೆ, ನಿಮಗೆ ಮನಸ್ಸಿದ್ದರೆ ಬಂದು ನೋಡಬಹುದು ಎಂದಳು. ಅಪ್ಪನಿಗೆ ಮನಸ್ಸಿರಲಿಲ್ಲ. "ಹೋಗೋಣ" ಎಂದದ್ದು ಅಮ್ಮ.

ಪ್ರಯೋಗಾಲಯ ಅಂದರೆ ಉದ್ದನೆಯ ಕೋಣೆ, ಬಿಳಿ ದೀಪ, ಗುಂಯ್ ಎನ್ನುವ ಫ್ರಿಜ್ಜುಗಳು. ಸಂಶೋಧಕಿ ಬೆಚ್ಚಗಿನ ಪೆಟ್ಟಿಗೆಯಿಂದ ಚಪ್ಪಟೆಯಾದ ಒಂದು ಬಾಟಲಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಅದರಲ್ಲಿ ತೆಳು ಕೆಂಪು ನೀರಿತ್ತು. ಅಮ್ಮ ಮೊದಲು ಕಣ್ಣಿಟ್ಟಳು. ಬಹಳ ಹೊತ್ತು ನೋಡಿದಳು. ಆಮೇಲೆ ಅವನ ಸರದಿ. ಸಣ್ಣ ಸಣ್ಣ ಉದ್ದನೆಯ ಮೀನುಗಳು ಒಂದೇ ದಿಕ್ಕಿಗೆ ತಲೆ ಮಾಡಿ ಒತ್ತೊತ್ತಾಗಿ ನಿಂತಂತೆ ಕಂಡವು. ಮಗಳ ಗುರುತು ಅಲ್ಲೇನೂ ಇರಲಿಲ್ಲ. ಆದರೂ ಅವನ ಕಣ್ಣು ತುಂಬಿ, ಎಲ್ಲ ಕಲಸಿಹೋಯಿತು.

"ಇವು ಹೀಗೇ ಇರ್ತವಾ ಮೇಡಂ?"

"ಕೆಲವು ಕಾಲ. ಚರ್ಮದ ಕೋಶಗಳು ಎಷ್ಟೋ ಸಲ ಒಡೆದು ಹೆಚ್ಚಾದ ಮೇಲೆ ನಿಂತುಬಿಡ್ತವೆ. ಕೆಲವನ್ನ ಹೆಪ್ಪುಗಟ್ಟಿಸಿ ಇಟ್ಟಿದ್ದೀವಿ." ಸಂಶೋಧಕಿ ತಡೆದು ಹೇಳಿದಳು, "ಈಗ ಇದಕ್ಕೆ ನಂಬರ್ ಮಾತ್ರ ಇದೆ. ಬೇರೆ ಲ್ಯಾಬಿನೋರೂ ಕೇಳ್ತಿದ್ದಾರೆ. ನೀವು ಹೇಳಿದ್ರೆ ಅವಳನ್ನ ಕರೀತಿದ್ದ ಹೆಸರನ್ನೇ..."

"ಬೇಡ ಮೇಡಂ" ಎಂದಳು ಅಮ್ಮ. "ನಂಬರ್ರೇ ಇರಲಿ. ಹೆಸರು ಕರೆದ್ರೆ ತಿರುಗಿ ನೋಡಬೇಕಲ್ವಾ?"

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಆಸ್ಪತ್ರೆಯ ಗೇಟಿನ ಎದುರಿನ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು, ನಡುವೆ ಅವಳ ಕೈಚೀಲ. ಒಂದು ಬಸ್ಸು ಬಂತು, ಹೋಯಿತು. ಅವರದಾಗಿರಲಿಲ್ಲ.

"ರೀ" ಎಂದಳು ಅವಳು, ರಸ್ತೆ ನೋಡುತ್ತಲೇ. "ಆ ವಾರ ನನಗೂ ನೆಗಡಿ ಇತ್ತು."

ಅವನು ತಿರುಗಿ ನೋಡಿದ.

"ನಿಮಗಿಂತ ಮೊದಲೇ. ಅಂಗಡೀಲಿ ಯಾರೋ ಸೀನಿ ಹೋಗಿದ್ರು. ಹೇಳಿದ್ರೆ ಗಾಬರಿಯಾಗ್ತೀರಿ ಅಂತ ಹೇಳಿರಲಿಲ್ಲ."

ಅವಳಿಗೆ ಆ ವಾರ ನೆಗಡಿ ಇರಲಿಲ್ಲ. ಆ ಚಳಿಗಾಲವಿಡೀ ಅವಳು ಒಂದು ಸಲವೂ ಮೂಗು ಒರೆಸಿಕೊಂಡಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತೆಂಬುದು ಅವಳಿಗೂ ಗೊತ್ತಿತ್ತು.

"ಹೌದಾ?" ಎಂದ ಅವನು.

"ಹೂಂ."

ಅವನು ಅಲ್ಲೇ, ಜನ ನೋಡುತ್ತಿದ್ದಂತೆಯೇ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತ. ಅವಳು ನಡುವಿನ ಕೈಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಹತ್ತಿರ ಸರಿದು ಕೂತಳು. ಅವರ ಬಸ್ಸು ಬಂತು. ಅವಳು ಕೈ ಅಡ್ಡ ಮಾಡಲಿಲ್ಲ. ಮುಂದಿನದಕ್ಕೆ ಹೋದರಾಯಿತು ಎಂದು ಕೂತೇ ಇದ್ದಳು.